ಈ ಕಾಗದ ಯಾರಿಗೆ ಬಂದದ್ದು?

ಸಭಾಪಾಲಕರೇ, ಹಿರಿಯರೇ, ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ಎಲ್ಲರಿಗೂ ಕರ್ತನ ಹೆಸರಿನಲ್ಲಿ ವಂದನೆಗಳು. ಶನಿವಾರ ಸಂಜೆ, ಅದೂ ಈ ಮಳೆಯಲ್ಲಿ, ಅಷ್ಟೊಂದು ಟ್ರಾಫಿಕ್ ದಾಟಿಕೊಂಡು ಬಂದಿದ್ದೀರಿ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಾನು ಬೆಳೆದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. ಅವರ ಮಗ ಸೈನ್ಯದಲ್ಲಿದ್ದ. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮಗನಿಂದ ನೀಲಿ ಬಣ್ಣದ ಇನ್‌ಲ್ಯಾಂಡ್ ಕಾಗದ ಬಂದರೆ ಹೊಸಿಲ ಮೇಲೆ ಕೂತು ನನ್ನನ್ನು ಕೂಗುತ್ತಿದ್ದರು, "ಬಾರೋ ಮಗ, ಓದಿ ಹೇಳು" ಅಂತ. ಆಗ ನನಗೆ ಹತ್ತು ವರ್ಷ. ಒಂದು ಸಲ ಯುಗಾದಿಗೆ ಎರಡು ವಾರ ಇರುವಾಗ ಕಾಗದ ಬಂತು. "ರಜೆ ಸಿಕ್ಕರೆ ಬರುತ್ತೇನೆ" ಎಂದು ಬರೆದಿದ್ದ. ಅಜ್ಜಿಯ ಮುಖ ನೋಡಿದೆ. ಅವರಿಗೆ ಖುಷಿಯಾಗಲಿ ಅಂತ "ಹಬ್ಬಕ್ಕೆ ಬರುತ್ತೇನೆ" ಎಂದು ಓದಿಬಿಟ್ಟೆ.

ಹಬ್ಬದ ದಿನ ಅಜ್ಜಿ ಬೆಳಗಿನ ಜಾವವೇ ಎದ್ದು ಹೂರಣ ರುಬ್ಬಿದರು. ಒಬ್ಬಟ್ಟು ತಟ್ಟಿ, ಬಾಳೆ ಎಲೆ ತೊಳೆದಿಟ್ಟು, ವಠಾರದ ಗೇಟಿನ ಹತ್ತಿರ ನಿಂತರು. ಮಧ್ಯಾಹ್ನವಾಯಿತು. ಸಂಜೆಯಾಯಿತು. ಮಗ ಬರಲಿಲ್ಲ. ರಾತ್ರಿ ನಾನು ಅಳುತ್ತಾ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. ಒಂದು ಒಬ್ಬಟ್ಟು ಕೈಗೆ ಕೊಟ್ಟು, "ಇದ್ದದ್ದನ್ನ ಇದ್ದ ಹಾಗೆ ಓದಪ್ಪ. ಅವನು ಬರೆದಿದ್ದು ನನಗೆ ಬೇಕು, ನೀನು ಸೇರಿಸಿದ್ದು ಬೇಡ" ಅಂದರು.

ಬೈಬಲ್ ಓದುವುದರ ಬಗ್ಗೆ ಇದಕ್ಕಿಂತ ದೊಡ್ಡ ಪಾಠವನ್ನು ನಾನು ಎಲ್ಲಿಯೂ ಕಲಿತಿಲ್ಲ. ಬರೆದದ್ದರಿಂದ ಅರ್ಥವನ್ನು ಹೊರಗೆ ತೆಗೆಯುವುದು ಒಂದು. ನಮ್ಮ ಮನಸ್ಸಿನಲ್ಲಿ ಇರುವುದನ್ನು ಅದರೊಳಗೆ ತುರುಕಿ ಓದುವುದು ಇನ್ನೊಂದು. ದೇವಶಾಸ್ತ್ರ ಓದಿದವರು ಮೊದಲನೆಯದಕ್ಕೆ ಎಕ್ಸೆಜೆಸಿಸ್ ಅನ್ನುತ್ತಾರೆ, ಎರಡನೆಯದಕ್ಕೆ ಐಸೆಜೆಸಿಸ್. ಹೆಸರು ನೆನಪಿರಲೇಬೇಕು ಅಂತೇನಿಲ್ಲ. ಅಜ್ಜಿಯ ಒಬ್ಬಟ್ಟು ನೆನಪಿದ್ದರೆ ಸಾಕು.

ಈಗ ಇನ್ನೊಂದು ಚೀಟಿ ತೋರಿಸುತ್ತೇನೆ. ಇದು ನನಗೇ ಬಂದದ್ದು ಅಂತ ನಾನು ಅಂದುಕೊಂಡಿದ್ದೆ. ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿದ ಮೇಲೆ ಸ್ಟೀಲ್ ತಟ್ಟೆಯಲ್ಲಿ ಒಂದೊಂದು ಬೈಬಲ್ ವಚನ ಬರೆದ ವಾಗ್ದಾನದ ಚೀಟಿಗಳನ್ನು ಇಟ್ಟಿರುತ್ತಾರಲ್ಲ, ಹಾಗೆ ಎತ್ತಿಕೊಂಡದ್ದು. ಗುಲಾಬಿ ಬಣ್ಣದ ರಟ್ಟು, ಈಗ ಬಿಳಿಚಿಕೊಂಡಿದೆ. ಆಗ ಡಿಗ್ರಿ ಮುಗಿದಿತ್ತು, ಕೆಲಸ ಇರಲಿಲ್ಲ. ಚೀಟಿಯಲ್ಲಿ ಯೆರೆಮೀಯ 29:11 ಬಂತು. ನಿಮ್ಮ ಬಗ್ಗೆ ನನಗಿರುವ ಯೋಚನೆಗಳು ಹಿತದ ಯೋಚನೆಗಳೇ, ನಿಮಗೆ ನಿರೀಕ್ಷೆ ಕೊಡುವಂಥವು ಎನ್ನುವ ವಚನ. ನಿಮ್ಮಲ್ಲಿ ಅರ್ಧ ಜನರ ಮನೆ ಗೋಡೆಯ ಮೇಲೆ ಇದು ಇದ್ದೇ ಇರುತ್ತದೆ. ಅಮ್ಮ ಆ ಚೀಟಿಯನ್ನು ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿಟ್ಟರು. ಈ ವರ್ಷ ಕೆಲಸ ಗ್ಯಾರಂಟಿ ಅಂತ ನಾನು ನಂಬಿದೆ.

ಕೆಲಸ ಸಿಗಲಿಲ್ಲ. ಆ ವರ್ಷವೂ ಇಲ್ಲ, ಮುಂದಿನ ವರ್ಷವೂ ಇಲ್ಲ. ದೇವರು ಮಾತು ತಪ್ಪಿದ ಅಂತ ನನಗೆ ಕೋಪ. ಬೈಬಲ್ ಮುಟ್ಟುವುದನ್ನೇ ಬಿಟ್ಟೆ.

ನಮ್ಮಮ್ಮ ಓದಿದ್ದು ನಾಲ್ಕನೇ ಕ್ಲಾಸು. ದಿನಾ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು, ಅಕ್ಷರದ ಕೆಳಗೆ ಬೆರಳಿಟ್ಟುಕೊಂಡು, ಜೋರಾಗಿ ಒಂದು ಅಧ್ಯಾಯ ಓದುತ್ತಿದ್ದರು. ಆದಿಕಾಂಡದಿಂದ ಪ್ರಕಟನೆಯವರೆಗೆ, ಮತ್ತೆ ಆದಿಕಾಂಡದಿಂದ. ಒಂದು ದಿನ ಯೆರೆಮೀಯ 29 ಬಂತು. ನಾನು ಚಾಪೆಯ ಮೇಲೆ ಇನ್ನೂ ಮಲಗಿದ್ದೆ. ಹತ್ತನೇ ವಚನ ಕಿವಿಗೆ ಬಿದ್ದು ಎದ್ದು ಕೂತೆ.

"ಅಮ್ಮ, ಇನ್ನೊಂದ್ಸಲ ಓದು."

"ಎಪ್ಪತ್ತು ವರ್ಷ ಅಂತಿದೆ ಕಣೋ."

"ನನ್ನ ಚೀಟಿಯಲ್ಲಿ ಇದು ಇರಲಿಲ್ಲವಲ್ಲ?"

"ಚೀಟೀಲಿ ಎಷ್ಟು ಹಿಡಿಸುತ್ತೆ? ಇದು ಬಾಬೆಲ್‌ಗೆ ಸೆರೆ ಹೋದವರಿಗೆ ಬರೆದ ಕಾಗದ. ನಾವು ಪಕ್ಕದಲ್ಲಿ ಕೂತು ಕೇಳಿಸಿಕೊಳ್ತಾ ಇದೀವಿ ಅಷ್ಟೆ."

ಆ ಅಧ್ಯಾಯದಲ್ಲಿ ಏನಿದೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ಕ್ರಿಸ್ತಪೂರ್ವ 597ರಲ್ಲಿ ಬಾಬೆಲಿನ, ಅಂದರೆ ಬ್ಯಾಬಿಲೋನಿನ, ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಮುತ್ತಿಗೆ ಹಾಕಿ, ಅರಸನನ್ನು, ಅಧಿಕಾರಿಗಳನ್ನು, ಕಮ್ಮಾರರನ್ನು, ಬಡಗಿಗಳನ್ನು ಹಿಡಿದುಕೊಂಡು ಹೋದ. ಹೋದವರೆಲ್ಲ ಇವತ್ತೋ ನಾಳೆಯೋ ವಾಪಸ್ ಬರುತ್ತೇವೆ ಅಂತ ಗಂಟುಮೂಟೆ ಬಿಚ್ಚದೆ ಕಾಯುತ್ತಿದ್ದರು ಅಂತ ಇಟ್ಟುಕೊಳ್ಳಿ. 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ಬರುತ್ತಾನೆ. ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ. ಬಾಬೆಲಿನ ಆಳ್ವಿಕೆಯ ಗುರುತಾಗಿ ಪ್ರವಾದಿ ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಎಲ್ಲರ ಮುಂದೆ ಮುರಿದುಹಾಕುತ್ತಾನೆ. ಜನರಿಗೆ ಎಷ್ಟು ಖುಷಿಯಾಗಿರಬೇಕು! ಅಂಥ ಹೊತ್ತಿನಲ್ಲಿ ಯೆರೆಮೀಯ ಕಾಗದ ಬರೆಯುತ್ತಾನೆ. ಮನೆ ಕಟ್ಟಿಕೊಳ್ಳಿ. ತೋಟ ಹಾಕಿ. ಮಕ್ಕಳಿಗೆ ಮದುವೆ ಮಾಡಿ. ನೀವಿರುವ ಊರಿನ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ ಇದೆ. ಎರಡು ವರ್ಷದ ಮಾತು ನಂಬಬೇಡಿ. ಎಪ್ಪತ್ತು ವರ್ಷ. ಇಷ್ಟು ಹೇಳಿದ ಮೇಲೆ ಬರುತ್ತದೆ 11ನೇ ವಚನ.

ಅಂದರೆ ಈ ಮಾತನ್ನು ಮೊದಲು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ವಾಪಸ್ ಬರಲೇ ಇಲ್ಲ. ಅಲ್ಲೇ ತೀರಿಕೊಂಡರು. ಆದರೂ ದೇವರು ಅವರಿಗೆ, ನಿಮ್ಮ ಹಿತವೇ ನನ್ನ ಮನಸ್ಸಿನಲ್ಲಿದೆ ಅನ್ನುತ್ತಾನೆ. ಮಕ್ಕಳ, ಮೊಮ್ಮಕ್ಕಳ ಕಾಲದವರೆಗೆ ಹಿಡಿದಿಟ್ಟ ಮಾತು ಅದು. ನನ್ನ ಚೀಟಿಯಲ್ಲಿ ನಾನು ಓದಿಕೊಂಡದ್ದು ಹನನ್ಯನ ಪ್ರವಾದನೆ! ಯೆರೆಮೀಯನ ವಚನದೊಳಗೆ ಹನನ್ಯನ ಮಾತನ್ನು ತುರುಕಿದ್ದೆ. ದೇವರು ಮಾತು ತಪ್ಪಿರಲಿಲ್ಲ. ನಾನು ಕಾಗದವನ್ನು ತಪ್ಪು ಓದಿದ್ದೆ.

ಹಾಗಾದರೆ ಆ ವಚನದಲ್ಲಿ ನಮಗೇನೂ ಇಲ್ಲವಾ ಅಂತ ಕೇಳುತ್ತೀರಿ. ಇದೆ. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ಇದೆ. ಈ ಊರನ್ನೇ ನೋಡಿ. ಹುಬ್ಬಳ್ಳಿ, ರಾಯಚೂರು, ಕೋಲಾರ, ಎಲ್ಲೆಲ್ಲಿಂದಲೋ ಬಂದು ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಈ ಹಾಲಿನಲ್ಲೇ ಎಷ್ಟು ಜನ! ಇದು ನಮ್ಮೂರಲ್ಲ, ಸ್ವಲ್ಪ ದುಡ್ಡು ಮಾಡಿಕೊಂಡು ಹೋಗೋಣ ಅನ್ನುವವರಿಗೆ, ಈ ಊರಿನ ಕ್ಷೇಮವನ್ನೂ ಬಯಸು ಅನ್ನುತ್ತದೆ ಆ ಅಧ್ಯಾಯ. ಹಾಗೆಂದು ಬೆಂಗಳೂರು ಬಾಬೆಲ್ ಅಲ್ಲ, ನಮ್ಮನ್ನು ಯಾರೂ ಸೆರೆ ಹಿಡಿದು ತಂದಿಲ್ಲ. ಆ ಅಂತರ ನೆನಪಿರಲಿ. ಮೊದಲು ಅವರಿಗೆ ಏನು ಹೇಳಿತು ಅಂತ ಕೇಳಬೇಕು. ಆಮೇಲೆ ನಮಗೆ.

ಇಲ್ಲಿ ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲ ಇದೆ. ಇಂಗ್ಲಿಷಿನ ಯೂ ಎನ್ನುವ ಪದ ಒಬ್ಬನಿಗೂ ಅದೇ, ಹತ್ತು ಜನಕ್ಕೂ ಅದೇ. ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಹಾಗಲ್ಲ. ನಮ್ಮಲ್ಲೂ ಹಾಗಲ್ಲ, ನೀನು ಬೇರೆ, ನೀವು ಬೇರೆ. ಯೆರೆಮೀಯನ ವಚನದಲ್ಲಿ ಇರುವುದು ಬಹುವಚನ, ಇಡೀ ಜನಕ್ಕೆ ಹೇಳಿದ್ದು. ಲೂಕ 22:31-32 ತೆಗೆದು ನೋಡಿ. ಯೇಸು ಪೇತ್ರನಿಗೆ, ಸೈತಾನನು ನಿಮ್ಮನ್ನು ಗೋದಿಯ ಹಾಗೆ ಕೇರಬೇಕೆಂದು ಕೇಳಿಕೊಂಡಿದ್ದಾನೆ, ಆದರೆ ನಾನು ನಿನಗೋಸ್ಕರ ಬೇಡಿಕೊಂಡಿದ್ದೇನೆ ಅನ್ನುತ್ತಾನೆ. ಮೊದಲು "ನಿಮ್ಮನ್ನು", ಎಲ್ಲ ಶಿಷ್ಯರನ್ನೂ. ಆಮೇಲೆ "ನಿನಗೋಸ್ಕರ", ಬೀಳಲಿರುವ ಆ ಒಬ್ಬನಿಗೋಸ್ಕರ. ನನಗಂತೂ ಇದನ್ನು ಓದುವಾಗೆಲ್ಲ ಕಣ್ಣು ತುಂಬುತ್ತದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಯವರು, ಅವರಿಗೆ ಕನ್ನಡ ಕಲಿಸಿದ ನಮ್ಮ ಜನ, ಬೈಬಲನ್ನು ಕನ್ನಡಕ್ಕೆ ತರಲು ಒಂದೊಂದು ಪದಕ್ಕೂ ವರ್ಷಗಟ್ಟಲೆ ಬೆವರು ಸುರಿಸಿದ್ದಾರೆ. ಅಂಥ ಮಾತನ್ನು ನಾವು ವಾಟ್ಸಾಪ್‌ನಲ್ಲಿ ಅರ್ಧ ನಿಮಿಷ ನೋಡಿ ಫಾರ್ವರ್ಡ್ ಮಾಡುತ್ತೇವೆ.

ಇನ್ನೊಂದು ಉದಾಹರಣೆ. ಪ್ರಕಟನೆ 3ರಲ್ಲಿ ಲವೊದಿಕೀಯದ ಸಭೆಗೆ, ನೀನು ತಣ್ಣಗೂ ಇಲ್ಲ, ಬಿಸಿಯಾಗಿಯೂ ಇಲ್ಲ, ಉಗುರುಬೆಚ್ಚಗಿದ್ದೀ ಎಂಬ ಮಾತಿದೆ. ಬಿಸಿ ಅಂದರೆ ಭಕ್ತಿ ಇರುವವನು, ತಣ್ಣಗೆ ಅಂದರೆ ಭಕ್ತಿ ಇಲ್ಲದವನು ಅಂತ ಎಷ್ಟೋ ಪ್ರಸಂಗ ಕೇಳಿದ್ದೇವೆ. ಹಾಗಾದರೆ, ತಣ್ಣಗಾದರೂ ಇರಬಾರದಿತ್ತೇ ಅಂತ ಕರ್ತನು ಯಾಕೆ ಹೇಳಬೇಕು? ಭಕ್ತಿ ಇಲ್ಲದಿರುವುದೇ ವಾಸಿ ಅಂತಲಾ? ಈಗಿನ ಟರ್ಕಿಯಲ್ಲಿ ಆ ಊರಿನ ಅವಶೇಷ ಇದೆ. ಹತ್ತಿರದ ಹಿಯರಾಪೊಲಿಯಲ್ಲಿ ಬಿಸಿನೀರಿನ ಬುಗ್ಗೆಗಳು, ಜನ ಮೈಕೈ ನೋವಿಗೆ ಸ್ನಾನಕ್ಕೆ ಹೋಗುತ್ತಿದ್ದರು. ಇನ್ನೊಂದು ಕಡೆ ಕೊಲೊಸ್ಸೆ, ಅಲ್ಲಿ ತಣ್ಣನೆಯ ನೀರು. ಲವೊದಿಕೀಯಕ್ಕೆ ಮಾತ್ರ ದೂರದಿಂದ ಕಾಲುವೆ, ಕಲ್ಲಿನ ಕೊಳವೆಗಳಲ್ಲಿ ನೀರು ಬರಬೇಕಿತ್ತು. ಕೊಳವೆಗಳ ಒಳಗೆ ಸುಣ್ಣ ಕಟ್ಟಿಕೊಂಡಿರುವುದು ಈಗಲೂ ಕಾಣುತ್ತದೆ. ಸುಮಾರು 100 ಕಿಲೋಮೀಟರ್ ದೂರದಿಂದ ಕಾವೇರಿ ನೀರು ತರಿಸಿಕೊಳ್ಳುವ ನಮಗೆ ಇದು ಸುಲಭವಾಗಿ ಅರ್ಥವಾಗಬೇಕು. ಬಿಸಿನೀರು ನೋವಿಗೆ ಒಳ್ಳೆಯದು, ತಣ್ಣೀರು ಬಾಯಾರಿಕೆಗೆ ಒಳ್ಳೆಯದು. ಎರಡೂ ಅಲ್ಲದ ನೀರು ಬಾಯಿಗೆ ಹಾಕಿಕೊಂಡರೆ ವಾಕರಿಕೆ. ನೀನು ಯಾರಿಗೂ ಉಪಯೋಗಕ್ಕೆ ಬರುತ್ತಿಲ್ಲ ಅನ್ನುವುದೇ ಆ ಮಾತು ಅಂತ ಹಲವು ಪಂಡಿತರು ಓದುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ.

ಇಷ್ಟು ಹೊತ್ತು ಹೇಳಿದ ತಪ್ಪುಗಳಿಂದ ಕೆಡುವುದು ಹೆಚ್ಚೆಂದರೆ ನಮ್ಮ ಮನಸ್ಸು. ಇನ್ನೊಬ್ಬರ ಬದುಕನ್ನೇ ಹಾಳುಮಾಡುವ ಓದು ಕೂಡ ಇದೆ. ಆದಿಕಾಂಡ 9ರಲ್ಲಿ ನೋಹ ಶಪಿಸಿದ್ದು ತನ್ನ ಮೊಮ್ಮಗನನ್ನು, ಹಾಮನ ಮಗ ಕಾನಾನನನ್ನು. ಅದನ್ನು ಹಾಮನ ಶಾಪ ಅಂತ ತಿರುಚಿ, ಹಾಮನ ವಂಶದವರಾದ ಆಫ್ರಿಕಾದ ಜನ ಗುಲಾಮರಾಗಿರುವುದು ದೇವರ ಚಿತ್ತ ಅಂತ 19ನೇ ಶತಮಾನದ ಅಮೆರಿಕದಲ್ಲಿ ಉಪದೇಶ ಮಾಡಿದರು. ಅಲ್ಲಿ ಮಾತಾಡಿದ್ದು ನೋಹ, ದೇವರಲ್ಲ ಅನ್ನುವುದನ್ನೂ ನೋಡಲಿಲ್ಲ. ಮೊದಲೇ ಮನಸ್ಸಿನಲ್ಲಿ ಗುಲಾಮಗಿರಿ ಇತ್ತು. ಅದಕ್ಕೊಂದು ವಚನ ಬೇಕಿತ್ತು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ಎಫೆಸ 5:22, ಹೆಂಡತಿಯರೇ, ಗಂಡಂದಿರಿಗೆ ಅಧೀನರಾಗಿರಿ. ಎಷ್ಟು ಗಂಡಸರಿಗೆ ಇದೊಂದು ವಚನ ಮಾತ್ರ ಬಾಯಿಪಾಠ! ಅದರ ಹಿಂದಿನ 21ನೇ ವಚನ, ಎಲ್ಲರೂ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅನ್ನುತ್ತದೆ. ತೀರಾ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ 22ನೇ ವಚನಕ್ಕೆ ಕ್ರಿಯಾಪದವೇ ಇಲ್ಲ, 21ರಿಂದಲೇ ತೆಗೆದುಕೊಳ್ಳಬೇಕು. ಅಂದರೆ ಅವೆರಡನ್ನೂ ಬಿಡಿಸಲಿಕ್ಕೇ ಆಗುವುದಿಲ್ಲ. ಆದರೆ ಎಷ್ಟೋ ಅಚ್ಚಿನಲ್ಲಿ ಅವುಗಳ ನಡುವೆ ಒಂದು ಶೀರ್ಷಿಕೆ ಹಾಕಿ ಬಿಡಿಸಿಟ್ಟಿದ್ದಾರೆ. ಗಂಡಸರಿಗೆ 25ರಿಂದ ಶುರು. ಕ್ರಿಸ್ತನು ಸಭೆಗೋಸ್ಕರ ಪ್ರಾಣ ಕೊಟ್ಟ ಹಾಗೆ ನೀನು ಪ್ರೀತಿಸು ಅಂತ. ಅಷ್ಟನ್ನೂ ಓದಿದವನು ಹೆಂಡತಿಯ ಮೇಲೆ ಕೈ ಎತ್ತಲಾರ.

ಹಾಗೆಯೇ, "ನನ್ನ ಅಭಿಷಿಕ್ತರನ್ನು ಮುಟ್ಟಬೇಡಿರಿ" ಅನ್ನುವ ಕೀರ್ತನೆ 105:15. ಕಾಣಿಕೆಯ ಲೆಕ್ಕ ಕೇಳಿದವರ ಬಾಯಿ ಮುಚ್ಚಿಸಲು ಇದನ್ನು ಬಳಸುವುದನ್ನು ಕಂಡಿದ್ದೇನೆ. ಅಲ್ಲಿ ಮಾತು ಬಂದಿರುವುದು ಅಬ್ರಹಾಮ, ಇಸಾಕ, ಯಾಕೋಬರ ಬಗ್ಗೆ. ಬೆರಳೆಣಿಕೆಯ ಜನ, ಪರದೇಶಿಗಳಾಗಿ ಅಲೆಯುತ್ತಿದ್ದಾಗ, ಅವರಿಗೆ ಕೇಡು ಮಾಡಬೇಡಿ ಅಂತ ಅರಸರಿಗೆ ಹೇಳಿದ್ದು. ಬಲವಿಲ್ಲದವರ ಕಾವಲಿಗೆ ಇದ್ದ ವಚನವನ್ನು ಬಲವಿರುವವರು ಕಿತ್ತುಕೊಂಡರೆ ನನಗೆ ತುಂಬ ನೋವಾಗುತ್ತದೆ. ಅಪೊಸ್ತಲ ಪೌಲನ ಮಾತನ್ನೇ ಬೆರೋಯ ಊರಿನವರು ದಿನಾ ಶಾಸ್ತ್ರ ತೆಗೆದು ನೋಡಿ ಪರೀಕ್ಷಿಸಿದರು. ಅದಕ್ಕೆ ಅಪೊಸ್ತಲರ ಕೃತ್ಯಗಳು 17:11 ಅವರನ್ನು ಹೊಗಳುತ್ತದೆ, ಬೈಯುವುದಿಲ್ಲ.

ನಾವೆಲ್ಲ ಓದಿದವರಲ್ಲ, ನಮಗೆ ಗ್ರೀಕ್ ಬರುವುದಿಲ್ಲ, ಪವಿತ್ರಾತ್ಮನೇ ಕಲಿಸುತ್ತಾನೆ ಅಂತ ಕೆಲವರು ಹೇಳುತ್ತಾರೆ. ಪವಿತ್ರಾತ್ಮ ಕಲಿಸುತ್ತಾನೆ, ನಾನೂ ನಂಬುತ್ತೇನೆ. ಆದರೆ ರಥದಲ್ಲಿ ಕೂತು ಯೆಶಾಯನನ್ನು ಓದುತ್ತಿದ್ದ ಇಥಿಯೋಪ್ಯದ ಕಂಚುಕಿಯ ಬಳಿಗೆ ಆತ್ಮನು ಕಳಿಸಿದ್ದು ಫಿಲಿಪ್ಪನನ್ನು. ಯಾರಾದರೂ ತಿಳಿಸಿಕೊಡದಿದ್ದರೆ ನನಗೆ ಹೇಗೆ ತಿಳಿದೀತು ಅಂದ ಆ ದೊಡ್ಡ ಅಧಿಕಾರಿ. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರಿಂದ ಇದೆ. ಅಲ್ಲಿ ಓದಿದವರನ್ನು ಕೇಳಿ. ಕೇಳಲು ನಾಚಿಕೆ ಬೇಡ. ಮತ್ತೆ, ಕಾಲೇಜು ಮುಟ್ಟದ ನಮ್ಮಮ್ಮನಿಗೆ ಎಪ್ಪತ್ತು ವರ್ಷ ಕಂಡದ್ದು ಹೇಗೆ? ಅವರು ಹತ್ತನೇ ವಚನ ಓದಿಯೇ ಹನ್ನೊಂದಕ್ಕೆ ಹೋದರು, ಅಷ್ಟೇ.

ವಚನದ ಅಂಕಿಗಳನ್ನು ಪೌಲ ಹಾಕಿದ್ದಲ್ಲ. ಹೊಸ ಒಡಂಬಡಿಕೆಗೆ ಈಗಿರುವ ವಚನ ಸಂಖ್ಯೆಗಳನ್ನು 1551ರಲ್ಲಿ ರೊಬೇರ್ ಎತಿಯೆನ್ ಎಂಬ ಮುದ್ರಕ ಹಾಕಿದ. ಹುಡುಕಲಿಕ್ಕೆ ಅವು ಬಹಳ ಒಳ್ಳೆಯವು. ಕತ್ತರಿಸಲಿಕ್ಕೆ ಅಲ್ಲ.

ಇವತ್ತು ಉಳಿದ ಸಮಯವನ್ನು ನಾನು ಮಾತಾಡಿ ತುಂಬಿಸುವುದಿಲ್ಲ. ಫಿಲಿಪ್ಪಿಯವರಿಗೆ ಬರೆದ ಪತ್ರಿಕೆ ತೆಗೆಯಿರಿ. ನಾಲ್ಕೇ ಅಧ್ಯಾಯ, 104 ವಚನ. ಜೋರಾಗಿ ಓದಿದರೂ ಕಾಲು ಗಂಟೆ ಚಿಲ್ಲರೆ. ಕೊನೆಯ ಅಧ್ಯಾಯದಲ್ಲಿ "ಎಲ್ಲಕ್ಕೂ ಶಕ್ತನಾಗಿದ್ದೇನೆ" ಅನ್ನುವ ಮಾತು ಬರುತ್ತದೆ. ಪರೀಕ್ಷೆಗೆ ಹೋಗುವ ಮಕ್ಕಳು ಹಾಲ್ ಟಿಕೆಟ್ ಹಿಂದೆ ಬರೆದುಕೊಳ್ಳುತ್ತಾರಲ್ಲ, ಅದೇ. ಅದನ್ನು ಬರೆದ ಪೌಲ ಸೆರೆಮನೆಯಲ್ಲಿದ್ದ. ಅದರ ಹಿಂದಿನ ವಚನದಲ್ಲಿ ಹಸಿವಿನ ಮಾತಿದೆ. ಅಲ್ಲಿಗೆ ಬಂದಾಗ ಯಾರೂ ಅವಸರ ಮಾಡಬೇಡಿ.

ಮುಂದಿನ ಸಾಲಿನ ಅಕ್ಕ, ಕನ್ನಡಕ ಹಾಕಿಕೊಂಡಿದ್ದೀರಲ್ಲ, ನೀವೇ ಶುರುಮಾಡಿ. ಒಂದನೇ ಅಧ್ಯಾಯ, ಒಂದನೇ ವಚನದಿಂದ.