ಜಲಕಳೆಯ ಅಂಚಿನಲ್ಲಿ ಬಾಸ್ ಮೀನಿಗೆ ಗಾಳ

ದೋಣಿ ಜಲಕಳೆಯ ಅಂಚಿಗೆ ಎಷ್ಟು ಹತ್ತಿರ ನಿಂತಿದೆ, ಎಸೆತ ಯಾವ ಕೋನದಲ್ಲಿ ಹೋಗುತ್ತಿದೆ ಎಂಬುದು ಮೇಲಿನಿಂದ ತೆಗೆದ ಈ ವಿಡಿಯೊ ದೃಶ್ಯದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಸಿರು ಕಂಡೊಡನೆ ಅದರ ನಟ್ಟನಡುವೆ ಲ್ಯೂರ್, ಅಂದರೆ ಕೊಕ್ಕೆಯಿರುವ ಕೃತಕ ಆಮಿಷ, ಬೀಸುವವರೇ ಹೆಚ್ಚು, ಆದರೆ ನನ್ನ ದೃಷ್ಟಿಯಲ್ಲಿ ಅದು ತೋಳು ನೋಯಿಸಿಕೊಳ್ಳುವ ಕೆಲಸ. ಲಾರ್ಜ್‌ಮೌತ್ ಬಾಸ್ ಹೊಂಚು ಹಾಕುವ ಮೀನು. ಕಳೆಯ ನೆರಳಿನಲ್ಲಿ ಮೈ ಮರೆಸಿಕೊಂಡು, ಅಂಚಿನಾಚೆ ಹಾಯುವ ಸಣ್ಣ ಮೀನುಗಳಿಗಾಗಿ ಕಾದಿರುತ್ತದೆ. ಅಂಚಿಗೆ ಅಡ್ಡಲಾಗಿ ಎಸೆದರೆ ಲ್ಯೂರ್ ಅದರ ಎದುರು ಇರುವುದು ಕ್ಷಣಮಾತ್ರ, ಆಮೇಲೆ ದೋಣಿಯವರೆಗೂ ಬರಿಯ ನೀರು. ಅಂಚಿನಗುಂಟ ಎಸೆದರೆ, ಎಳೆದು ತರುವ ದಾರಿಯೆಲ್ಲವೂ ಮೀನು ನಿಲ್ಲುವ ಜಾಗವೇ ಆಗಿರುತ್ತದೆ.

ಅಂಚು ನೇರವಾಗಿ ಸಾಗುವ ಕಡೆ ನಾನು ಬೇಗ ಮುಂದುವರಿಯುತ್ತೇನೆ. ಕಳೆ ಮೂಗಿನಂತೆ ಮುಂದೆ ಚಾಚಿದ ಜಾಗ, ಒಳಕ್ಕೆ ಸರಿದು ಉಂಟಾದ ಗೂಡು, ನೀರೊಳಗೆ ಬೆಳೆಯುವ ಹೈಡ್ರಿಲ್ಲಾ ಕಳೆ ಮುಗಿದು ನೈದಿಲೆಯ ಎಲೆಗಳು ಶುರುವಾಗುವ ಗಡಿ, ಇಂಥಲ್ಲಿ ಮಾತ್ರ ಎರಡು ಮೂರು ಕೋನಗಳಿಂದ ಎಸೆಯುವುದು ಸಾರ್ಥಕ. ಗುರಿಯ ನೆತ್ತಿಯ ಮೇಲೆ ಬೀಳಿಸಿದರೆ ಮೀನು ಬೆದರುತ್ತದೆ. ಅದರಾಚೆ ಬೀಳಿಸಿ ಗುರಿಯ ಪಕ್ಕದಲ್ಲಿ ಎಳೆದು ತರಬೇಕು. ಹೊರ ಅಂಚು ಮೊದಲು, ಒಳಗಿನ ಗೂಡು ಆಮೇಲೆ: ಒಳಗೆ ಸಿಕ್ಕ ಮೀನನ್ನು ಹೊರ ಅಂಚಿನ ಮೂಲಕವೇ ಎಳೆದು ತರಬೇಕಾಗುವುದರಿಂದ ಅಲ್ಲಿರುವ ಉಳಿದವು ಎಚ್ಚೆತ್ತುಕೊಳ್ಳುತ್ತವೆ.

ಇನ್ನು ಈ ದೃಶ್ಯವನ್ನು ನಾನು ಬೇಕೆಂದೇ ಕತ್ತರಿಸದೆ ಉಳಿಸಿದ್ದೇನೆ. ದೋಣಿಗಳ ಮೋಟರು ಕತ್ತರಿಸಿದ ಹೈಡ್ರಿಲ್ಲಾ ದಂಟುಗಳು ನೀರಿನ ಮೇಲೆ ತೇಲುತ್ತಿವೆ. ದಾರ ತಗುಲಿದೊಡನೆ ಅವು ಅದರುದ್ದಕ್ಕೂ ಜಾರಿ ಬಂದು ಲ್ಯೂರಿನ ಗಂಟಿನ ಬಳಿ ಸೇರುತ್ತವೆ. ಗರಗಸದಂಚಿನ ಪುಟ್ಟ ಎಲೆಗಳು ದಂಟಿನ ಸುತ್ತ ಸುತ್ತಾಗಿ ಬೆಳೆದಿರುವುದರಿಂದ, ಮೂರು ಮೊನೆಯ ಕೊಕ್ಕೆಯಿಂದ ಒಂದನ್ನು ಬಿಡಿಸುವಷ್ಟರಲ್ಲಿ ಇನ್ನೊಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಒಂದೇ ಎಲೆ ತಾನೇ ಎಂದು ಹಾಗೆಯೇ ಎಸೆದರೆ ಲ್ಯೂರಿನ ಅಲುಗಾಟವೇ ಕೆಟ್ಟು, ಆ ಎಸೆತ ಎಸೆಯದಿದ್ದುದಕ್ಕೆ ಸಮ. ಪ್ರತಿ ಎಸೆತಕ್ಕೂ ಕೊಕ್ಕೆ ಶುಚಿ ಮಾಡುವ ಈ ಕರ್ಮ ಯಾವ ಪ್ಯಾಕೆಟ್ಟಿನ ಮೇಲಿನ ಚಿತ್ರದಲ್ಲಿಯೂ ಇರುವುದಿಲ್ಲ. ಬೇರೂರಿದ ಕಳೆಗೆ ಸಿಕ್ಕಿದ್ದರೆ ಮಾತು ಬೇರೆ: ರೀಲನ್ನು ಸುಮ್ಮನೆ ಸುತ್ತುತ್ತಾ ಹೋಗದೆ ರಾಡನ್ನು, ಅಂದರೆ ಗಾಳದ ಕೋಲನ್ನು, ಒಮ್ಮೆ ಜೋರಾಗಿ ಜಗ್ಗಿದರೆ, ಎಳೆಗಳನ್ನು ಹೆಣೆದು ಮಾಡಿದ ಹಿಗ್ಗದ ಬ್ರೇಡ್ ದಾರವಾಗಿದ್ದಲ್ಲಿ ಆ ಸೆಳೆತ ನೇರವಾಗಿ ತಲುಪಿ ದಂಟು ಹರಿಯುತ್ತದೆ, ಲ್ಯೂರ್ ತಟ್ಟನೆ ಚಿಮ್ಮುತ್ತದೆ, ಮೀನು ಕಚ್ಚುವುದೂ ಬಹುಪಾಲು ಆ ಚಿಮ್ಮುವಿಕೆಗೇ. ತೇಲುವ ಕಸ ಇಷ್ಟಿರುವಲ್ಲಿ ಈ ಲ್ಯೂರನ್ನೇ ಕೈಬಿಟ್ಟು, ಕೊಕ್ಕೆಯ ಮೊನೆಯನ್ನು ಮೆತ್ತನೆಯ ಪ್ಲಾಸ್ಟಿಕ್ ಹುಳುವಿನೊಳಗೆ ಅಡಗಿಸುವ ಟೆಕ್ಸಾಸ್ ರಿಗ್ ಕಟ್ಟುವುದು ಮೇಲು. ಮುಂದಿರುವ ಗುಂಡಿನಾಕಾರದ ಭಾರ ದಂಟುಗಳ ನಡುವೆ ತೂರಿಕೊಂಡು ಇಳಿಯುತ್ತದೆ.

ಗಾಳಿ ಪಕ್ಕದಿಂದ ಬೀಸುತ್ತಿದೆ. ಎಸೆದ ದಾರ ಬಿಲ್ಲಿನಂತೆ ಬಾಗಿ ಕಳೆಯ ಮೇಲೆ ಒರಗುತ್ತಿರುವುದರಿಂದ ರಾಡಿನ ತುದಿಯನ್ನು ನೀರಿನ ಹತ್ತಿರ ಹಿಡಿದಿದ್ದೇನೆ.

ಈಗ ಕಪ್ಪೆಯಾಕಾರದ ಲ್ಯೂರ್. ಇದು ಕ್ಯಾಮರಾಕ್ಕೆ ಮಾತ್ರ ಚೆಂದ ಎಂಬುದು ನನ್ನ ಖಚಿತ ಅಭಿಪ್ರಾಯವಾಗಿತ್ತು. ಆದರೆ ಕಳೆ ಮೇಲ್ಮೈಗೆ ಬಂದು ಚಾಪೆಯಾಗಿ ಹರಡಿದ ಮೇಲೆ ಅಂಚಿನ ತತ್ತ್ವ ಅಲ್ಲಿ ನಡೆಯುವುದಿಲ್ಲ. ಬಿಸಿಲೇರಿದಂತೆ ಮೀನು ಆ ಚಾವಣಿಯ ಕೆಳಗೆ ಸೇರಿಕೊಳ್ಳುತ್ತದೆ. ಕಪ್ಪೆಯ ಎರಡು ಕೊಕ್ಕೆಗಳೂ ಬೆನ್ನಿಗೆ ಅಂಟಿಕೊಂಡು ಮೇಲ್ಮುಖವಾಗಿರುವುದರಿಂದ ಚಾಪೆಯ ಮೇಲೆ ಸಲೀಸಾಗಿ ಜಾರುತ್ತದೆ. ತೂತು ಕಂಡಲ್ಲಿ ನಿಲ್ಲಿಸಬೇಕು. ಇದೋ, ನೀರು ಸ್ಫೋಟಿಸಿತು. ಶಬ್ದ ಕೇಳಿದೊಡನೆ ಎಳೆದರೆ ಕಪ್ಪೆ ಮಾತ್ರ ಹಾರಿ ಬರುತ್ತದೆ, ಆದ್ದರಿಂದ ಮೀನಿನ ಭಾರ ರಾಡಿಗೆ ತಿಳಿಯುವವರೆಗೆ ತಡೆದು ಆಮೇಲೆ ಬಲವಾಗಿ ಜಗ್ಗಬೇಕು. 50 ಪೌಂಡ್ ತಾಳುವ ಬ್ರೇಡ್ ದಾರ ಬೇಕಾಗುವುದು ಇಲ್ಲಿ. ಮೀನಿನ ಜೊತೆ ಒಂದು ಹೊರೆ ಕಳೆಯೂ ಬರುತ್ತಿದೆ ನೋಡಿ. ಸರಿ, ಕಪ್ಪೆಯ ಬಗ್ಗೆ ಆಡಿದ ಮಾತನ್ನು ಹಿಂತೆಗೆದುಕೊಂಡೆ, ಚಾಪೆಯಿರುವ ಕಡೆಯ ಮಟ್ಟಿಗೆ.

ಎಡಗಡೆ ಕಂದು ಬಣ್ಣಕ್ಕೆ ತಿರುಗಿದ ಕಳೆಯತ್ತ ನಾನು ಎಸೆಯುವುದೇ ಇಲ್ಲ. ಕೊಳೆಯುವ ಸಸ್ಯ ನೀರಿನ ಆಮ್ಲಜನಕವನ್ನು ಕಡಿಮೆ ಮಾಡುವುದರಿಂದ ಮೀನು ಇನ್ನೂ ಹಸಿರಾಗಿರುವ ಕಡೆಗೆ ಸರಿಯುತ್ತದೆ. ಗಾಳಿ ದೋಣಿಯನ್ನು ಕಳೆಯ ಮೇಲೆಯೇ ತಳ್ಳುತ್ತಿದೆ. ಉಳಿದ ಅಂಚನ್ನು ಆ ಕೊನೆಯಿಂದ, ಗಾಳಿಗೆ ಎದುರಾಗಿ ಎಸೆಯುತ್ತಾ ಬರಬೇಕು.