ವಯಲ್ ನೀರು ಎಳೆದುಕೊಂಡರೆ ಸಾಕೇ?

ಕೇಳುಗರೇ, ನಮಸ್ಕಾರ. ಒಣಗಿಸಿದ ಪೆಪ್ಟೈಡ್ ತುಂಬಿದ ಪುಟ್ಟ ಗಾಜಿನ ಸೀಸೆ, ಅಂದರೆ ವಯಲ್. ತಳದಲ್ಲಿ ಬಿಳಿ ಪುಡಿಯ ಬಿಲ್ಲೆ, ಬಾಯಿಗೆ ರಬ್ಬರ್ ಮುಚ್ಚಳ. ಸೂಜಿ ಚುಚ್ಚಿದ ಕೂಡಲೇ ಸಿರಿಂಜಿನ ನೀರನ್ನು ವಯಲ್ ತಾನೇ ಎಳೆದುಕೊಂಡರೆ ‘ಒಳ್ಳೇ ಮಾಲು’ ಅನ್ನುತ್ತಾರೆ. ಎಳೆಯದಿದ್ದರೆ ಅನುಮಾನ ಶುರು. ನನಗೆ ಈ ಲೆಕ್ಕಾಚಾರ ಅಷ್ಟು ಒಪ್ಪಿಗೆಯಿಲ್ಲ.

ಪೆಪ್ಟೈಡ್ ಅಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಎಷ್ಟೋ ಪೆಪ್ಟೈಡ್‌ಗಳು ನೀರಿನಲ್ಲಿದ್ದರೆ ಬೇಗ ಕೆಡುತ್ತವೆ. ಕಾಯಿಸಿ ಒಣಗಿಸುವ ಹಾಗೂ ಇಲ್ಲ. ಅದಕ್ಕೇ ದ್ರಾವಣವನ್ನು ಹೆಪ್ಪುಗಟ್ಟಿಸಿ, ಯಂತ್ರದೊಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಒತ್ತಡ ಸುಮಾರು 6 ಮಿಲಿಬಾರ್‌ಗಿಂತ ಕೆಳಗಿದ್ದರೆ ಮಂಜುಗಡ್ಡೆ ಕರಗದೆ ನೇರವಾಗಿ ಆವಿಯಾಗುತ್ತದೆ. ಆಗ ಮುಚ್ಚಳ ಅರ್ಧ ಮಾತ್ರ ಕೂತಿರುತ್ತದೆ, ಅದರ ಸೀಳಿನಿಂದ ಆವಿ ಹೊರಗೆ ಬರುತ್ತದೆ. ಒಣಗಿದ ಮೇಲೆ ಯಂತ್ರದ ಹಲಗೆಗಳೇ ಕೆಳಗಿಳಿದು ಮುಚ್ಚಳಗಳನ್ನೆಲ್ಲ ಒಟ್ಟಿಗೆ ಒತ್ತಿಬಿಡುತ್ತವೆ. ಆಮೇಲೆ ಅಲ್ಯೂಮಿನಿಯಂ ಸೀಲ್. ಹೀಗೆ ಗಾಳಿ ತೆಗೆದಿರುವಾಗಲೇ ಮುಚ್ಚಿದರೆ ಒಳಗೆ ಒತ್ತಡ ಕಡಿಮೆ ಉಳಿಯುತ್ತದೆ, ಅದಕ್ಕೇ ಸೂಜಿ ಚುಚ್ಚಿದಾಗ ವಯಲ್ ನೀರು ಎಳೆದುಕೊಳ್ಳುತ್ತದೆ.

ಮುಚ್ಚಳ ಒತ್ತುವ ಮುಂಚೆ ಒಣ ನೈಟ್ರೋಜನ್ ತುಂಬುವ ಪದ್ಧತಿಯೂ ಇದೆ. ಹೊರಗಿನ ಗಾಳಿಯಷ್ಟೇ ಒತ್ತಡಕ್ಕೆ ತುಂಬಿದರೆ ವಯಲ್ ನೀರು ಎಳೆಯುವುದೇ ಇಲ್ಲ. ಅದರಲ್ಲಿ ತಪ್ಪೇನಿಲ್ಲ. ಆದರೆ ಒಂದೇ ಬ್ಯಾಚಿನಲ್ಲಿ ಉಳಿದವೆಲ್ಲ ಎಳೆದು, ಒಂದು ಮಾತ್ರ ಸುಮ್ನೆ ಕೂತರೆ? ಅದರ ಮುಚ್ಚಳ ಸೋರಿರಬಹುದು. ಗಾಳಿಯ ಜೊತೆ ತೇವ ಒಳಹೊಕ್ಕಿರುತ್ತದೆ, ಸೂಕ್ಷ್ಮಜೀವಿಗಳೂ ಹೋಗಿರಬಹುದು. ಅಂಥದ್ದನ್ನು ಪಕ್ಕಕ್ಕಿಡಬೇಕು.

ಬಿಲ್ಲೆಯ ಚಂದಕ್ಕೂ ಜಾಸ್ತಿ ಮರುಳಾಗಬೇಡಿ. ಕೆಲವೇ ಮಿಲಿಗ್ರಾಂ ಪೆಪ್ಟೈಡ್ ಒಂದೇ ಇದ್ದರೆ ತಳದಲ್ಲಿ ತೆಳು ಪೊರೆಯಷ್ಟೇ ಕಾಣಬಹುದು. ದಪ್ಪ ಬಿಲ್ಲೆಯ ಬಹುಪಾಲು ಮ್ಯಾನಿಟಾಲ್ ಅನ್ನೋ ಸಕ್ಕರೆಯಂಥ ಪುಡಿ ಇರಬಹುದು, ಬಿಲ್ಲೆ ದಪ್ಪಗಾಗಲಿ ಅಂತ ಅದನ್ನು ಬೇಕೆಂದೇ ಬೆರೆಸುತ್ತಾರೆ. ಕುಗ್ಗಿ ಅಂಟಂಟಾದ ಬಿಲ್ಲೆ ಮಾತ್ರ ಸರಿಯಾಗಿ ಒಣಗಿಲ್ಲದ, ಇಲ್ಲವೇ ತೇವ ಕುಡಿದ ಲಕ್ಷಣ.

ಹಾಗಾದರೆ ಒಳಗಿರುವುದು ಏನು ಅಂತ ತಿಳಿಯೋದು ಹೇಗೆ? ಅದು ಲ್ಯಾಬ್‌ನ ಕೆಲಸ. ಎಷ್ಟು ಶುದ್ಧ ಅನ್ನೋದಕ್ಕೆ ಬೆರೆತ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ, ಹೇಳಿದ ಪೆಪ್ಟೈಡೇ ಹೌದೋ ಅನ್ನೋದಕ್ಕೆ ಅಣುವಿನ ತೂಕ ಹೇಳುವ ಮಾಸ್ ಸ್ಪೆಕ್ಟ್ರೋಮೆಟ್ರಿ, ಉಳಿದ ತೇವಕ್ಕೆ ಕಾರ್ಲ್ ಫಿಷರ್ ಪರೀಕ್ಷೆ. ಎಚ್‌ಪಿಎಲ್‌ಸಿ ವರದಿಯಲ್ಲಿ ಶೇಕಡಾ 99 ಅಂತಿದ್ದರೂ ಬ್ಯಾಕ್ಟೀರಿಯಾದ ವಿಷ, ಅಂದರೆ ಎಂಡೋಟಾಕ್ಸಿನ್, ಅದರಲ್ಲಿ ಕಾಣುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಸೂಕ್ಷ್ಮಜೀವಿಗಳಿಗೆ ಇನ್ನೊಂದು ಪರೀಕ್ಷೆ.

‘ಸಂಶೋಧನೆಗೆ ಮಾತ್ರ’ ಅಂತ ಮಾರುವ ವಯಲ್‌ಗಳಿಗೆ ಈ ಕೊನೆಯ ಎರಡು ಪರೀಕ್ಷೆ ಆಗಿರಲೇಬೇಕು ಅಂತೇನಿಲ್ಲ. ನೀರು ಎಳೆದುಕೊಂಡಿತು ಅಂತ ಅವನ್ನೇ ಮೈಗೆ ಚುಚ್ಚಿಕೊಳ್ಳುವವರಿದ್ದಾರೆ, ಅಲ್ವಾ? ಆ ಎಳೆತದಿಂದ ಗೊತ್ತಾಗೋದು ಮುಚ್ಚಳದ ಸಮಾಚಾರ ಮಾತ್ರ.