ಸಭೆಗೆ ಒಂದೇ ಶಿರಸ್ಸು: 1843ರ ಎಡಿನ್‌ಬರೋ ಮತ್ತು ನಾವು

ಎಲ್ಲರಿಗೂ ವಂದನೆಗಳು.

ಕ್ರಿಸ್ತನೇ ಸಭೆಗೆ ಶಿರಸ್ಸು. ಈ ಮಾತನ್ನು ನಾವು ಪ್ರಸಂಗದಲ್ಲಿ ಕೇಳುತ್ತೇವೆ, ಹಾಡಿನಲ್ಲಿ ಹಾಡುತ್ತೇವೆ, ಪ್ರಾರ್ಥನೆಯಲ್ಲಿ ಹೇಳುತ್ತೇವೆ. ಇಲ್ಲ ಅನ್ನುವವರು ನಮ್ಮಲ್ಲಿ ಯಾರೂ ಇಲ್ಲ. ಆದರೆ ಇದೇ ಮಾತಿಗಾಗಿ ಸಂಬಳ, ಮನೆ, ಚರ್ಚು ಎಲ್ಲವನ್ನೂ ಬಿಟ್ಟು ಹೊರಗೆ ಬಂದ ಜನ ಸ್ಕಾಟ್ಲೆಂಡಿನಲ್ಲಿ ಇದ್ದರು. ಅವರ ಕಥೆಯನ್ನೇ ಇವತ್ತು ಹೇಳಬೇಕು ಅಂತ ಬಂದಿದ್ದೇನೆ. ಅವರು ಎಲ್ಲಿ ನಿಂತರು, ಎಲ್ಲಿ ಜಾರಿದರು, ಎರಡನ್ನೂ ಹೇಳುತ್ತೇನೆ.

ಮೊದಲು ಪೌಲನ ಹತ್ತಿರ ಹೋಗೋಣ. ಕೊಲೊಸ್ಸೆಯವರಿಗೆ ಬರೆದ ಪತ್ರದ ಒಂದನೇ ಅಧ್ಯಾಯ, 18ನೇ ವಚನ. ಸಭೆ ಎಂಬ ದೇಹಕ್ಕೆ ಕ್ರಿಸ್ತನೇ ಶಿರಸ್ಸು ಎನ್ನುತ್ತಾನೆ. ಇದನ್ನು ಬರೆಯುವಾಗ ಪೌಲ ಸೆರೆಯಲ್ಲಿದ್ದ. ಪತ್ರದ ಕೊನೆಯಲ್ಲಿ, ನನ್ನ ಬೇಡಿಗಳನ್ನು ನೆನಪು ಮಾಡಿಕೊಳ್ಳಿ ಅಂತ ಕೇಳಿಕೊಳ್ಳುತ್ತಾನೆ. ಕೈಗೆ ಬೇಡಿ ಹಾಕಿದ ಸಾಮ್ರಾಜ್ಯ ಎದುರಿಗೇ ಇರುವಾಗ, ಸಿಂಹಾಸನಗಳೂ ಅಧಿಕಾರಗಳೂ ಕ್ರಿಸ್ತನ ಮೂಲಕವೇ, ಕ್ರಿಸ್ತನಿಗಾಗಿಯೇ ಸೃಷ್ಟಿಯಾದವು ಅಂತ ಬರೆಯುತ್ತಾನೆ.

ಕೊಲೊಸ್ಸೆಯ ಜನ ಕ್ರಿಸ್ತನನ್ನು ಬಿಟ್ಟುಬಿಟ್ಟಿದ್ದರಾ? ಹಾಗೇನೂ ಕಾಣುವುದಿಲ್ಲ. ಕ್ರಿಸ್ತನ ಜೊತೆಗೆ ಇನ್ನೂ ಕೆಲವನ್ನು ಸೇರಿಸಿಕೊಳ್ಳಿ ಅಂತ ಕೆಲವರು ಅವರ ಬೆನ್ನು ಹತ್ತಿದ್ದರು. ದೇವದೂತರ ಆರಾಧನೆ, ದರ್ಶನಗಳ ಹೆಚ್ಚುಗಾರಿಕೆ, ಇದನ್ನು ತಿನ್ನು ಅದನ್ನು ಮುಟ್ಟಬೇಡ ಎಂಬ ಕಟ್ಟಳೆಗಳು. ಅಂಥವನು ಶಿರಸ್ಸನ್ನು ಬಿಗಿಯಾಗಿ ಹಿಡಿದುಕೊಂಡಿಲ್ಲ ಎನ್ನುತ್ತಾನೆ ಪೌಲ, ಎರಡನೇ ಅಧ್ಯಾಯದ 19ನೇ ವಚನದಲ್ಲಿ. ಅಂದರೆ ಕ್ರಿಸ್ತನ ಹೆಸರು ಬಾಯಲ್ಲಿ ಇರುವಾಗಲೇ ಶಿರಸ್ಸು ಕೈಬಿಟ್ಟು ಹೋಗಬಹುದು. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಭಯ ಹುಟ್ಟಿಸುವ ಮಾತು ಇದೇ. ಅದೇ ವಚನದಲ್ಲಿ ಇನ್ನೊಂದು ಮಾತಿದೆ. ಶಿರಸ್ಸಿನಿಂದಲೇ ಇಡೀ ದೇಹಕ್ಕೆ ಪೋಷಣೆ ಸಿಗುತ್ತದೆ, ಅದು ಕೀಲುಗಳ ಮೂಲಕ, ನರಗಳ ಮೂಲಕ ಹರಿಯುತ್ತದೆ. ಶಿರಸ್ಸು ಆಳುತ್ತದೆ, ಹಾಗೇ ಉಣಿಸುತ್ತದೆ. ಕೀಲಿನ ಈ ಮಾತಿಗೆ ಆಮೇಲೆ ಬರುತ್ತೇನೆ.

ಈಗ ರಾಜರ ವಿಷಯ. 1534ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಒಂದು ಕಾನೂನು ಮಾಡಿತು. ಎಂಟನೇ ಹೆನ್ರಿ ಭೂಮಿಯ ಮೇಲೆ ಇಂಗ್ಲೆಂಡ್ ಸಭೆಗೆ ಪರಮ ಶಿರಸ್ಸು ಅಂತ ಅದರಲ್ಲಿ ಬರೆಯಿತು. ಅವನ ಮಗಳು ಎಲಿಜಬೆತ್ ಕಾಲಕ್ಕೆ, 1559ರಲ್ಲಿ, ಶಿರಸ್ಸು ಎಂಬ ಪದವನ್ನು ಬಿಟ್ಟು ಪರಮ ಆಡಳಿತಗಾರ್ತಿ ಅಂತ ಇಟ್ಟುಕೊಂಡರು. ಶಿರಸ್ಸು ಎಂಬ ಹೆಸರು ಕ್ರಿಸ್ತನೊಬ್ಬನಿಗೇ ಸಲ್ಲಬೇಕು ಎನ್ನುವ ಅಳುಕು ಜನರಲ್ಲಿ ಇತ್ತು.

ಪಕ್ಕದ ಸ್ಕಾಟ್ಲೆಂಡಿನಲ್ಲಿ ಜಗಳ ಇನ್ನೂ ಜೋರಾಗಿತ್ತು. 1596ರಲ್ಲಿ ಫಾಕ್‌ಲ್ಯಾಂಡ್ ಅರಮನೆಗೆ ಆಂಡ್ರ್ಯೂ ಮೆಲ್ವಿಲ್ ಎಂಬ ಪಂಡಿತರು ಹೋದರು. ಆರನೇ ಜೇಮ್ಸ್ ರಾಜನ ತೋಳು ಹಿಡಿದು ಮುಖಕ್ಕೆ ಮುಖ ಕೊಟ್ಟು ಹೇಳಿದರು: ಸ್ಕಾಟ್ಲೆಂಡಿನಲ್ಲಿ ಇಬ್ಬರು ರಾಜರಿದ್ದಾರೆ, ಎರಡು ರಾಜ್ಯಗಳಿವೆ. ಒಬ್ಬ ರಾಜ ಕ್ರಿಸ್ತ ಯೇಸು, ಆತನ ರಾಜ್ಯ ಸಭೆ. ಆ ರಾಜ್ಯದಲ್ಲಿ ಜೇಮ್ಸ್ ರಾಜನೂ ಅಲ್ಲ, ಶಿರಸ್ಸೂ ಅಲ್ಲ, ಒಬ್ಬ ಸದಸ್ಯ ಮಾತ್ರ. ಅದು ಸುಮ್ನೆ ಆಡಿದ ಮಾತಾಗಿರಲಿಲ್ಲ. ಇದೇ ಮೆಲ್ವಿಲ್ ಮುಂದೆ ಲಂಡನ್ನಿನ ಟವರ್ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೂತರು.

ಆ ಮಾತು ಸ್ಕಾಟ್ಲೆಂಡಿನ ಸಭೆಯ ರಕ್ತದಲ್ಲಿ ಉಳಿಯಿತು. 1712ರಲ್ಲಿ ಲಂಡನ್ನಿನ ಪಾರ್ಲಿಮೆಂಟು, ಊರಿನ ಚರ್ಚಿಗೆ ಪಾಸ್ಟರನ್ನು ಹೆಸರಿಸುವ ಹಕ್ಕನ್ನು ಮತ್ತೆ ಜಮೀನ್ದಾರರಿಗೂ ರಾಜಮನೆತನಕ್ಕೂ ಕೊಟ್ಟಿತು. ಪೂಜೆಗೆ ಬರುವ ಜನ ಬೇಡ ಅಂದರೂ ಆ ಪಾಸ್ಟರ್ ಬರಬಹುದಿತ್ತು. 1834ರಲ್ಲಿ ಸ್ಕಾಟ್ಲೆಂಡ್ ಸಭೆಯ ಅತ್ಯುನ್ನತ ಮಂಡಲಿಯಾದ ಮಹಾಸಭೆ ಇದಕ್ಕೊಂದು ತಡೆ ಹಾಕಿತು. ಸಭೆಯ ಬಹುಪಾಲು ಮನೆ ಯಜಮಾನರು ಒಪ್ಪದಿದ್ದರೆ ಅಂಥ ಪಾಸ್ಟರನ್ನು ನೇಮಿಸುವ ಹಾಗಿಲ್ಲ ಎಂಬ ನಿಯಮ ಮಾಡಿತು.

ಅದೇ ವರ್ಷ ಆಖ್ಟರಾರ್ಡರ್ ಎಂಬ ಊರಿನಲ್ಲಿ ಪರೀಕ್ಷೆ ಬಂತು. ಜಮೀನ್ದಾರರು ಹೆಸರಿಸಿದ ವ್ಯಕ್ತಿಗೆ ಊರಿನವರಲ್ಲಿ ಸಹಿ ಹಾಕಿದವರು ಇಬ್ಬರೇ ಇಬ್ಬರು. 330 ಮನೆ ಯಜಮಾನರಲ್ಲಿ 287 ಮಂದಿ ಬೇಡ ಅಂದರು. ವಿಷಯ ಕೋರ್ಟಿಗೆ ಹೋಯಿತು. 1838ರಲ್ಲಿ ಎಡಿನ್‌ಬರೋದ ಉನ್ನತ ನ್ಯಾಯಾಲಯ ಸಭೆಯ ವಿರುದ್ಧ ತೀರ್ಪು ಕೊಟ್ಟಿತು. ಎಂಟು ನ್ಯಾಯಾಧೀಶರು ಒಂದು ಕಡೆ, ಐವರು ಇನ್ನೊಂದು ಕಡೆ. ಮುಖ್ಯ ನ್ಯಾಯಾಧೀಶ ಲಾರ್ಡ್ ಹೋಪ್ ಬಾಯಿ ಬಿಟ್ಟೇ ಹೇಳಿದರು: ಶಾಸನದ ಅರ್ಥದಲ್ಲಾಗಲಿ ನ್ಯಾಯದ ಅರ್ಥದಲ್ಲಾಗಲಿ ನಮ್ಮ ರಕ್ಷಕ ಸ್ಕಾಟ್ಲೆಂಡ್ ಸಭೆಯ ಶಿರಸ್ಸು ಎನ್ನುವುದು ಅರ್ಥವಿಲ್ಲದ ಮಾತು, ಸಭೆಯ ಲೌಕಿಕ ಶಿರಸ್ಸು ಪಾರ್ಲಿಮೆಂಟೇ.

ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆ ನ್ಯಾಯಾಧೀಶರು ಕ್ರಿಸ್ತನನ್ನು ಅಲ್ಲಗಳೆದವರಲ್ಲ. ಕ್ರಿಸ್ತ ಮನಸ್ಸಿನಲ್ಲಿ ಇರಲಿ, ಸ್ವರ್ಗದಲ್ಲಿ ಇರಲಿ, ನೇಮಕಾತಿ ಮಾತ್ರ ನಾವು ನೋಡಿಕೊಳ್ಳುತ್ತೇವೆ ಅನ್ನುವ ವಾದ ಅದು. ಎಷ್ಟು ಸಭ್ಯವಾಗಿ ಕೇಳುತ್ತದೆ, ಅಲ್ವಾ? ಕೊಲೊಸ್ಸೆಯಲ್ಲಿ ಆದದ್ದೇ ಇಲ್ಲೂ ಆಗುತ್ತಿತ್ತು.

1841ರ ಜನವರಿಯಲ್ಲಿ ಮಾರ್ನಾಕ್ ಎಂಬ ಹಳ್ಳಿಯಲ್ಲಿ ಹೀಗೇ ಒಬ್ಬ ಪಾಸ್ಟರನ್ನು ಕೋರ್ಟಿನ ಬಲದಿಂದ ನೇಮಿಸಲು ಬಂದರು. ಹೊರಗೆ ಹಿಮ ಬಿದ್ದಿತ್ತು. ಸಭೆಯವರು ತಮ್ಮ ತಮ್ಮ ಬೈಬಲ್ ಎತ್ತಿಕೊಂಡು, ಅಪ್ಪ ತಾತಂದಿರ ಕಾಲದಿಂದ ಕೂತಿದ್ದ ಬೆಂಚುಗಳನ್ನು ಬಿಟ್ಟು, ಹಿಮದೊಳಗೆ ನಡೆದು ಹೋದರು.

ಕೊನೆಗೆ 1843ರ ಮೇ 18. ಎಡಿನ್‌ಬರೋದ ಜಾರ್ಜ್ ಬೀದಿಯ ಸೇಂಟ್ ಆಂಡ್ರ್ಯೂ ಚರ್ಚಿನಲ್ಲಿ ಮಹಾಸಭೆ ಸೇರಿತ್ತು. ಮಾಡರೇಟರ್, ಅಂದರೆ ಮಹಾಸಭೆಯ ಅಧ್ಯಕ್ಷ, ಡೇವಿಡ್ ವೆಲ್ಶ್ ಪ್ರಾರ್ಥನೆ ಮಾಡಿದರು. ಪ್ರತಿಭಟನೆಯ ಪತ್ರ ಓದಿ ಮೇಜಿನ ಮೇಲಿಟ್ಟರು. ರಾಣಿಯ ಪ್ರತಿನಿಧಿಗೆ ತಲೆಬಾಗಿ ವಂದಿಸಿದರು. ಆಮೇಲೆ ಬಾಗಿಲ ಕಡೆ ನಡೆದರು. ಅವರ ಹಿಂದೆ ಈ ಹೋರಾಟದ ನಾಯಕ ಥಾಮಸ್ ಚಾಮರ್ಸ್, ಅವರ ಹಿಂದೆ ಸಾಲು ಸಾಲಾಗಿ ಪಾಸ್ಟರುಗಳು, ಹಿರಿಯರು. ಬೀದಿಯಲ್ಲಿ ಕಾದಿದ್ದ ಜನರ ನಡುವೆ ಇಳಿಜಾರಿನಲ್ಲಿ ನಡೆದು ಕ್ಯಾನನ್‌ಮಿಲ್ಸ್‌ನ ಟ್ಯಾನ್‌ಫೀಲ್ಡ್ ಹಾಲಿಗೆ ಹೋದರು. ಸ್ಕಾಟ್ಲೆಂಡಿನ ಫ್ರೀ ಚರ್ಚ್ ಅಲ್ಲಿ ಹುಟ್ಟಿತು. ಸುಮಾರು 1,200 ಪಾಸ್ಟರುಗಳಲ್ಲಿ 474 ಮಂದಿ ಕೆಲಸ ಬಿಟ್ಟ ಪತ್ರಕ್ಕೆ ಸಹಿ ಹಾಕಿದರು.

ಸಹಿ ಹಾಕಿದ್ದರ ಅರ್ಥ ಏನು ಅಂತ ಯೋಚಿಸಿ. ಮುಂದಿನ ತಿಂಗಳಿನಿಂದ ಸಂಬಳ ಇಲ್ಲ. ಪಾಸ್ಟರ್ ಮನೆ ಖಾಲಿ ಮಾಡಬೇಕು. ಮಕ್ಕಳನ್ನು ಕರೆದುಕೊಂಡು ಎಲ್ಲೋ ಬಾಡಿಗೆ ಕೋಣೆ ಹುಡುಕಬೇಕು. ಕೆಲವು ಜಮೀನ್ದಾರರು ಹೊಸ ಚರ್ಚು ಕಟ್ಟಲು ಒಂದು ಅಂಗುಲ ಜಾಗ ಕೊಡಲಿಲ್ಲ. ಸ್ಟ್ರಾಂಷಿಯನ್ ಎಂಬಲ್ಲಿ ಹೀಗಾದಾಗ ಜನ ಕಬ್ಬಿಣದ ತೇಲುವ ಚರ್ಚು ಮಾಡಿಸಿ, 1846ರಲ್ಲಿ ಲಾಖ್ ಸುನಾರ್ಟ್ ಎಂಬ ಕಡಲ ಹಿನ್ನೀರಿನಲ್ಲಿ ಲಂಗರು ಹಾಕಿ ನಿಲ್ಲಿಸಿದರು. ಜನ ಜಾಸ್ತಿ ಬಂದಷ್ಟೂ ಅದು ನೀರಿಗೆ ಇಳಿಯುತ್ತಿತ್ತಂತೆ!

ಇದರ ಅಲೆ ನಮ್ಮ ದೇಶಕ್ಕೂ ಬಡಿಯಿತು. ಸ್ಕಾಟ್ಲೆಂಡ್ ಸಭೆಯಿಂದ ಭಾರತಕ್ಕೆ ಬಂದಿದ್ದ ಮಿಷನರಿಗಳೆಲ್ಲ ಫ್ರೀ ಚರ್ಚನ್ನು ಸೇರಿದರು. ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ ತಾವೇ ಬೆಳೆಸಿದ ಕಾಲೇಜಿನ ಕಟ್ಟಡ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಮದ್ರಾಸಿನಲ್ಲಿ ಫ್ರೀ ಚರ್ಚ್ ಮಿಷನ್ನಿನ ಸಭೆಗಳು ಬೆಳೆದವು. ಹಲವು ಸಭೆಗಳು ಒಂದಾಗುತ್ತಾ ಬಂದು 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಹುಟ್ಟಿದಾಗ, ಆ ಪರಂಪರೆಯೂ ಅದರೊಳಗೆ ಬಂತು. ಹಾಗಾಗಿ ಇದು ನಮಗೆ ಸಂಬಂಧವಿಲ್ಲದ ಕಥೆ ಅಂತ ಹೇಳಲು ಬರುವುದಿಲ್ಲ.

ಜರ್ಮನಿಯ ಬಾರ್ಮೆನ್ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. 1934ರ ಮೇ ಕೊನೆಯಲ್ಲಿ ಅಲ್ಲಿ ಸೇರಿದ ಪ್ರೊಟೆಸ್ಟಂಟ್ ಸಭೆಗಳ ಪ್ರತಿನಿಧಿಗಳು, ಬದುಕಿನಲ್ಲೂ ಸಾವಿನಲ್ಲೂ ನಾವು ಕೇಳಿ, ನಂಬಿ, ವಿಧೇಯರಾಗಬೇಕಾದ ದೇವರ ಒಂದೇ ವಾಕ್ಯ ಯೇಸು ಕ್ರಿಸ್ತ ಅಂತ ಸಾರಿದರು. ಹಿಟ್ಲರ್ ಅಧಿಕಾರಕ್ಕೆ ಬಂದು ಆಗಿನ್ನೂ ಒಂದೂವರೆ ವರ್ಷ ಆಗಿರಲಿಲ್ಲ. ಆ ಘೋಷಣೆಯನ್ನು ಬರೆಯುವುದರಲ್ಲಿ ದೇವತಾಶಾಸ್ತ್ರಜ್ಞ ಕಾರ್ಲ್ ಬಾರ್ತ್ ಅವರ ಕೈ ದೊಡ್ಡದು. ಧೈರ್ಯದ ಮಾತು. ಆದರೆ ಆ ಘೋಷಣೆಯಲ್ಲಿ ಯೆಹೂದ್ಯರ ಬಗ್ಗೆ ಒಂದು ಸಾಲೂ ಇಲ್ಲ. ಬಾರ್ತ್ ಅವರೇ ಮುಂದೆ ಇದಕ್ಕಾಗಿ ನೊಂದುಕೊಂಡರು.

ಸ್ಕಾಟ್ಲೆಂಡಿಗೆ ವಾಪಸ್ ಬರೋಣ. ಅಲ್ಲಿಯೂ ಇಂಥದ್ದೇ ಒಂದು ಆಯಿತು. ನನಗೆ ಬಹಳ ಮುಖ್ಯ ಅನಿಸುವುದು ಇದು.

ಹೊಸ ಸಭೆಗೆ ಹಣ ಬೇಕಿತ್ತು. ಬೇರೆ ದಾರಿ ಇರಲಿಲ್ಲ, ನೂರಾರು ಚರ್ಚು ಕಟ್ಟಬೇಕಿತ್ತು. ಕೆಲವರನ್ನು ಅಮೆರಿಕಕ್ಕೆ ಕಳಿಸಿದರು. ಅವರು ತಂದ ಕಾಣಿಕೆಯಲ್ಲಿ ಸುಮಾರು 3,000 ಪೌಂಡ್, ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ರಾಜ್ಯಗಳ ಸಭೆಗಳಿಂದ ಬಂದದ್ದು. 1846ರಲ್ಲಿ ಫ್ರೆಡರಿಕ್ ಡಗ್ಲಸ್ ಸ್ಕಾಟ್ಲೆಂಡಿಗೆ ಬಂದರು. ತಾವೇ ಗುಲಾಮರಾಗಿ ಹುಟ್ಟಿ ತಪ್ಪಿಸಿಕೊಂಡು ಬಂದವರು. ಊರೂರಲ್ಲಿ ನಿಂತು ಒಂದೇ ಮಾತು ಹೇಳಿದರು: ಆ ಹಣ ವಾಪಸ್ ಕಳಿಸಿ. ಜನ ಅದನ್ನು ಗೋಡೆಗಳ ಮೇಲೆ ಬರೆದರು, ಹಾಡು ಕಟ್ಟಿ ಹಾಡಿದರು. ಆ ವರ್ಷದ ಮಹಾಸಭೆ ಅದೇ ಕ್ಯಾನನ್‌ಮಿಲ್ಸ್ ಹಾಲಿನಲ್ಲಿ ಸೇರಿದಾಗ ಡಗ್ಲಸ್ ಕೇಳುಗರ ನಡುವೆ ಕೂತಿದ್ದರು. ಗುಲಾಮಗಿರಿ ಕೆಟ್ಟದ್ದು ಅಂತ ಮಹಾಸಭೆಯ ನಾಯಕರು ಒಪ್ಪಿದರು. ಆದರೆ ಗುಲಾಮರ ಒಡೆಯರ ಜೊತೆ ಕರ್ತನ ಮೇಜಿನ, ಅಂದರೆ ಪ್ರಭುಭೋಜನದ, ಸಂಬಂಧ ಕಡಿದುಕೊಳ್ಳಲು ಒಪ್ಪಲಿಲ್ಲ. ಹಣ ವಾಪಸ್ ಹೋಗಲಿಲ್ಲ.

ಮೂರೇ ವರ್ಷದ ಹಿಂದೆ ಎಲ್ಲವನ್ನೂ ಬಿಟ್ಟು ಬಂದ ಜನ ಇವರು. ರಾಣಿಗೆ, ಕೋರ್ಟಿಗೆ, ಜಮೀನ್ದಾರನಿಗೆ ಇಲ್ಲ ಅಂದವರು. ಕಾಣಿಕೆ ಪೆಟ್ಟಿಗೆಗೆ ಇಲ್ಲ ಅನ್ನಲು ಆಗಲಿಲ್ಲ. ಇದನ್ನು ಅವರನ್ನು ಹೀಗಳೆಯಲು ಹೇಳುತ್ತಿಲ್ಲ. ಹೊರಗಿನವನು ಶಿರಸ್ಸಿನ ಜಾಗಕ್ಕೆ ಕೈ ಹಾಕಿದರೆ ನಮಗೆ ಬೇಗ ಗೊತ್ತಾಗುತ್ತದೆ. ನಮ್ಮ ಅಗತ್ಯವೇ ಆ ಜಾಗದಲ್ಲಿ ಬಂದು ಕೂತರೆ ಗೊತ್ತಾಗುವುದಿಲ್ಲ. ಒಡೆಯನ ಹೊಲದಲ್ಲಿ ಚಾವಟಿ ಏಟು ತಿನ್ನುತ್ತಿದ್ದ ವಿಶ್ವಾಸಿಯೂ ಅದೇ ದೇಹದ ಅಂಗ. ಅವನ ನೋವು ಎಡಿನ್‌ಬರೋದ ಮಹಾಸಭೆಯನ್ನು ಮುಟ್ಟಲಿಲ್ಲ ಎಂದರೆ, ಅಲ್ಲಿ ಆ ಹೊತ್ತು ಶಿರಸ್ಸಿನ ಜಾಗದಲ್ಲಿ ಯಾರಿದ್ದರು?

ಈ ಪ್ರಶ್ನೆ ಹೊಸತಲ್ಲ. ಯೋಹಾನನ ಮೂರನೇ ಪತ್ರ ಒಂದು ಪುಟದಷ್ಟೂ ಇಲ್ಲ, ಅದರಲ್ಲಿ ದಿಯೊತ್ರೇಫ ಎಂಬುವನು ಬರುತ್ತಾನೆ. ಸಭೆಯಲ್ಲಿ ತಾನೇ ಮೊದಲಿಗನಾಗಬೇಕು ಅಂತ ಆಸೆ ಅವನಿಗೆ. ಅವನ ತತ್ವದಲ್ಲಿ ತಪ್ಪಿತ್ತು ಅಂತ ಪತ್ರ ಹೇಳುವುದಿಲ್ಲ. ಬಂದ ಸಹೋದರರನ್ನು ಸೇರಿಸಲಿಲ್ಲ, ಸೇರಿಸುವವರಿಗೂ ಅಡ್ಡಿ ಮಾಡಿ ಸಭೆಯಿಂದ ಹೊರಗೆ ಹಾಕಿದ, ಇಷ್ಟೇ. ನಮ್ಮ ಕಮಿಟಿ ಚುನಾವಣೆಗಳನ್ನು, ಆಸ್ತಿಯ ಕೇಸುಗಳನ್ನು, ಇಂಥ ಮನೆತನದವರೇ ಖಜಾಂಚಿ ಆಗಬೇಕು ಎಂಬ ಪಿಸುಮಾತನ್ನು ನೆನೆದಾಗ ನನಗೆ ಈ ಪತ್ರ ನಮಗೇ ಬರೆದದ್ದು ಅನಿಸುತ್ತದೆ. ಕೆಲವು ಕಡೆ ಸಮಾಧಿ ಜಾಗದಲ್ಲೂ ಜಾತಿ ಕೇಳುತ್ತಾರೆ. ಯಾವ ರಾಜನೂ ಇದನ್ನು ನಮ್ಮ ಮೇಲೆ ಹೇರಿಲ್ಲ.

ಮಿಷನರಿಗಳ ವಿಷಯದಲ್ಲೂ ನಮ್ಮ ಕರಾವಳಿ ಒಂದು ಪಾಠ ಕಂಡಿದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಕಾಲ ಕಳೆದಂತೆ ಎಷ್ಟೋ ಕ್ರೈಸ್ತ ಮನೆಗಳಿಗೆ ಶಾಲೆ ಮಿಷನ್ನಿನದು, ಹಂಚಿನ ಕಾರ್ಖಾನೆಯ ಕೂಲಿ ಮಿಷನ್ನಿನದು. 1914ರಲ್ಲಿ ಯುದ್ಧ ಶುರುವಾಯಿತು. ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ದೇಶದಿಂದ ಹೊರಗೆ ಕಳಿಸಿತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಸಭೆಗಳು ಮಾತ್ರ ಮುಚ್ಚಲಿಲ್ಲ. ಊರಿನ ಪಾಸ್ಟರುಗಳು, ಹಿರಿಯರು ಆರಾಧನೆ ನಡೆಸಿಕೊಂಡು ಹೋದರು. ಮಿಷನರಿಗಳ ಮೇಲೆ ನನಗೆ ತುಂಬ ಗೌರವ ಇದೆ. ಆದರೂ ಅವರು ಹೋದಾಗ ದೇಹಕ್ಕೆ ತಲೆ ಹೋಗಲಿಲ್ಲ.

ಈಗ ಕೀಲಿನ ಮಾತು. ಫ್ರೀ ಚರ್ಚಿನವರು ಮಾಡಿದ ಒಂದು ಕೆಲಸ ನನಗೆ ಬಹಳ ಇಷ್ಟ. 1843ಕ್ಕೆ ಮೊದಲೇ ಚಾಮರ್ಸ್ ಒಂದು ಲೆಕ್ಕ ಹಾಕಿದ್ದರು. ಮನೆಗೆ ವಾರಕ್ಕೆ ಒಂದು ಪೆನ್ನಿ ಕೊಟ್ಟರೆ ಇಡೀ ದೇಶದ ಪಾಸ್ಟರುಗಳನ್ನು ಸಾಕಬಹುದು ಅಂತ. ಎಲ್ಲ ಸಭೆಗಳ ಹಣ ಒಂದೇ ನಿಧಿಗೆ ಬಂತು. ಅದರಿಂದ ಪಾಸ್ಟರುಗಳಿಗೆ ಸಮ ಪಾಲು ಹೋಯಿತು. ಎಡಿನ್‌ಬರೋದ ವಕೀಲರ, ವ್ಯಾಪಾರಿಗಳ ಸಭೆ ಕೊಟ್ಟ ಹಣ, ಉತ್ತರದ ಬೆಟ್ಟಸೀಮೆಯ ಬಡ ರೈತರ ಸಭೆಯ ಪಾಸ್ಟರಿಗೆ ಊಟವಾಯಿತು. ದೊಡ್ಡ ಸಭೆಗಳು ತಮ್ಮ ಪಾಸ್ಟರಿಗೆ ಇನ್ನಷ್ಟು ಸೇರಿಸಿ ಕೊಡುತ್ತಿದ್ದವು, ನಿಜ. ಆದರೂ ಪೋಷಣೆ ಕೀಲುಗಳ ಮೂಲಕ ಹರಿಯುತ್ತದೆ ಎಂದ ಪೌಲನ ಮಾತು ಅವರ ಲೆಕ್ಕದ ಪುಸ್ತಕಕ್ಕೆ ಇಳಿದಿತ್ತು. ಕೋರ್ಟಿನ ಮುಂದೆ ಮಾಡಿದ ಯಾವ ಭಾಷಣಕ್ಕಿಂತಲೂ ಇದು ಕ್ರಿಸ್ತನ ಶಿರಸ್ತನಕ್ಕೆ ಒಳ್ಳೆಯ ಸಾಕ್ಷಿ ಎಂದು ನಾನು ನಂಬುತ್ತೇನೆ.

ಎಫೆಸದವರಿಗೆ ಬರೆದ ಪತ್ರದ ಐದನೇ ಅಧ್ಯಾಯ ಓದಿ. ಸಭೆಯ ಶಿರಸ್ಸಾದ ಕ್ರಿಸ್ತ ಅಲ್ಲಿ ಮಾಡುವ ಕೆಲಸಗಳು ಯಾವುವು? ಪ್ರೀತಿಸಿದ, ತನ್ನನ್ನೇ ಕೊಟ್ಟುಬಿಟ್ಟ, ಉಣಿಸುತ್ತಾನೆ, ಸಾಕುತ್ತಾನೆ.

ಇಲ್ಲಿ ಪಾಸ್ಟರೇಟ್ ಕಮಿಟಿಯ ಹಿರಿಯರು ಹಲವರು ಕೂತಿದ್ದೀರಿ. ನಿಮ್ಮ ಮುಂದೆ ಒಂದು ಕೋರಿಕೆ ಇಡುತ್ತೇನೆ. ಮುಂದಿನ ವರ್ಷದ ಬಜೆಟ್ ಬರೆಯುವ ದಿನ, ಕಾಣಿಕೆ ಕಡಿಮೆ ಬರುವ ಒಂದು ಹಳ್ಳಿ ಸಭೆಯ ಹಿರಿಯರನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ಪಾಸ್ಟರಿಗೆ ಎಷ್ಟು ತಿಂಗಳ ಸಂಬಳ ಬಾಕಿ ಇದೆ ಅಂತ ಮೊದಲು ಕೇಳಿ. ಬಣ್ಣ, ಸೌಂಡ್ ಸಿಸ್ಟಮ್, ಹೊಸ ಗೇಟು, ಇವುಗಳ ಲೆಕ್ಕ ಅದಾದ ಮೇಲೆ ಬರೆಯಿರಿ.

ಈಗ ನಿಮ್ಮ ಪ್ರಶ್ನೆಗಳನ್ನು ಕೇಳುತ್ತೇನೆ. ಒಪ್ಪದ ಮಾತಿದ್ದರೆ ಅದನ್ನೇ ಮೊದಲು ಹೇಳಿ.